ಹೆಡ್‌ಲೈಟ್ ಹಾಕಿದರೆ ಏರುವ ಟೆಂಪರೇಚರ್ ಮುಳ್ಳು

ಪ್ರಶ್ನೆ:
ನನ್ನದು 1996ರ ಕಾರ್ಬುರೇಟರ್ ಕಾರು. ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಏಕಾಏಕಿ ಕೆಂಪು ಗೆರೆಗೆ ಜಿಗಿದು, ಮರುಕ್ಷಣವೇ ಅರ್ಧಕ್ಕೆ ಇಳಿಯುತ್ತದೆ. ಹೆಡ್‌ಲೈಟ್ ಹಾಕಿದರೂ ಮೇಲೇರುತ್ತದೆ. ಕೂಲಂಟ್ ಕಡಿಮೆಯಾಗಿಲ್ಲ. ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಲೇ?

ಉತ್ತರ 1:
ದಯವಿಟ್ಟು ಈಗಲೇ ಒಪ್ಪಬೇಡಿ ಸರ್. ಎಂಜಿನ್ ತುಂಬ ಇರುವ ನೀರು ಕ್ಷಣಾರ್ಧದಲ್ಲಿ ಕಾದು ಕ್ಷಣಾರ್ಧದಲ್ಲಿ ತಣಿಯುವುದಿಲ್ಲ. ಹೆಡ್‌ಲೈಟ್ ಜೊತೆ ಮುಳ್ಳು ಕದಲುತ್ತದೆ ಎಂದರೆ ನನ್ನ ಮೊದಲ ಅನುಮಾನ ಅರ್ಥಿಂಗ್ ಮೇಲೆಯೇ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಸಂಪರ್ಕದ ಮೇಲೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಕಾರಿನ ಲೋಹದ ಬಾಡಿಗೆ ಮತ್ತು ಎಂಜಿನ್‌ಗೆ ಸೇರುವ ಬೋಲ್ಟ್‌ಗಳನ್ನು ಬಿಚ್ಚಿಸಿ, ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿಸಿ. ಮೀಟರ್ ಬೋರ್ಡ್ ಹಿಂದಿನ ಅರ್ಥ್ ತಂತಿಯನ್ನೂ ಬಿಡಬೇಡಿ.

ಆಮೇಲೆ ಥರ್ಮೋಸ್ಟಾಟ್ (ಕೂಲಂಟ್ ಹರಿವನ್ನು ನಿಯಂತ್ರಿಸುವ ವಾಲ್ವ್) ಬಳಿಯ ಟೆಂಪರೇಚರ್ ಸೆನ್ಸರ್ ನೋಡಿ. ಒಂಟಿ ತಂತಿಯದಾದರೆ ಅದಕ್ಕೆ ಅರ್ಥ್ ಸಿಗುವುದು ತನ್ನ ಮರೆಯ (ತಿರುಪಿನ ಎಳೆಗಳ) ಮೂಲಕವೇ. ಅಲ್ಲಿ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ದರೆ ಸಂಪರ್ಕ ಕೆಡುತ್ತದೆ. ಇಗ್ನಿಷನ್ ಆನ್ ಇಟ್ಟು ಆ ತಂತಿ ಕಳಚಿದರೆ ಸಾಮಾನ್ಯವಾಗಿ ಮುಳ್ಳು ತಳಕ್ಕಿಳಿಯಬೇಕು. ಇಳಿಯದಿದ್ದರೆ ತಂತಿ ಎಲ್ಲೋ ಬಾಡಿಗೆ ತಾಗುತ್ತಿದೆ ಅಥವಾ ಮೀಟರೇ ಕೆಟ್ಟಿದೆ.

ಉತ್ತರ 2:
ಪೆಟ್ರೋಲ್ ಮುಳ್ಳೂ ಜೊತೆಗೆ ಏರುತ್ತದೆಯೇ? ಹಾಗಿದ್ದರೆ ಎರಡೂ ಮೀಟರ್‌ಗಳಿಗೆ ಸ್ಥಿರ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್ ಅನ್ನೂ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು:
ಹೌದು, ಸ್ವಲ್ಪ ಏರುತ್ತದೆ! ಗಮನಿಸಿಯೇ ಇರಲಿಲ್ಲ.

ಉತ್ತರ 1:
ಹಾಗಾದರೆ ಮೀಟರ್ ಬೋರ್ಡ್ ಅರ್ಥ್‌ನಿಂದಲೇ ಶುರು ಮಾಡಿ. ಆದರೂ ಘಾಟಿಯಲ್ಲಿ ಮುಳ್ಳು ಏರಿ ಹಾಗೆಯೇ ನಿಂತರೆ, ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ, ತಕ್ಷಣ ಬದಿಗೆ ನಿಲ್ಲಿಸಿ. ಎಂಜಿನ್ ಪೂರ್ತಿ ತಣಿಯುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.