ಸಹಾಯ ಬೇಕು: ಪೋಕರ್‌ನಲ್ಲಿ ಫ್ಲಾಪ್‌ನಲ್ಲೇ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಸೆಟ್ (ಕೈಯಲ್ಲಿನ ಜೋಡಿಗೆ ಅದೇ ಅಂಕಿಯ ಮೂರನೇ ಎಲೆ) ಬಿದ್ದಾಗ ಎದುರಾಳಿಯ ಪೂರ್ತಿ ಸ್ಟ್ಯಾಕ್ (ಅವರ ಮುಂದಿರುವ ಚಿಪ್) ತೆಗೆಯುವುದು ಹೇಗೆ?

ನೋ-ಲಿಮಿಟ್ ಹೋಲ್ಡೆಮ್ ಕ್ಯಾಶ್ ಗೇಮ್, ಬ್ಲೈಂಡ್ (ಕಡ್ಡಾಯ ಆರಂಭಿಕ ಬೆಟ್) 5/10, ಇಬ್ಬರ ಮುಂದೆಯೂ 1,000 ಚಿಪ್. ಮಧ್ಯದ ಸೀಟಿನವರು 30ಕ್ಕೆ ರೇಸ್ (ಬೆಟ್ ಏರಿಕೆ), ನಾನು ಬಟನ್‌ನಿಂದ (ಫ್ಲಾಪ್ ಆದಮೇಲೆ ಕೊನೆಗೆ ಆಡುವ ಸೀಟು) 7-7 ಹಿಡಿದು ಕಾಲ್ (ಅಷ್ಟೇ ಹಾಕಿ ಮುಂದುವರಿಕೆ), ಉಳಿದವರೆಲ್ಲ ಫೋಲ್ಡ್ (ಕೈ ಬಿಟ್ಟರು). ಪಾಟ್ (ಮಧ್ಯದ ಒಟ್ಟು ಚಿಪ್) 75. ಫ್ಲಾಪ್ ಕಿಂಗ್-7-2, ಮೂರೂ ಬೇರೆ ಬೇರೆ ಸೂಟ್. ಎದುರಾಳಿಯ ಬೆಟ್ 50.

ಬರೀ ಕಾಲ್ ಮಾಡಿದರೆ ಪಾಟ್ 175, ಮುಂದೆ ಉಳಿಯುವುದು 920. ಅಷ್ಟೂ ಒಳಗೆ ಹೋಗಬೇಕಾದರೆ ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಎರಡರಲ್ಲೂ ಪಾಟ್‌ನ 1.2 ಪಟ್ಟು ಬೆಟ್ ಬೇಕು. ಒಂದು ಜೋಡಿ ಹಿಡಿದವರು ಸಾಮಾನ್ಯವಾಗಿ ಅಷ್ಟಕ್ಕೆ ಹೆದರಿ ಬಿಡುತ್ತಾರೆ. ಈಗಲೇ 150ಕ್ಕೆ ರೇಸ್ ಮಾಡಿ ಅವರು ಕಾಲ್ ಮಾಡಿದರೆ ಪಾಟ್ 375, ಉಳಿಕೆ 820. ಆಮೇಲೆ ಪಾಟ್‌ನ ಮೂರನೇ ಎರಡು ಭಾಗದಷ್ಟು ಎರಡು ಸಲ ಸಾಕು: ಟರ್ನ್‌ನಲ್ಲಿ 250, ರಿವರ್‌ನಲ್ಲಿ ಉಳಿದ 570.

ಹಣ ಕೊಡುವ ಕೈಗಳು: ಏಸ್-ಏಸ್ 6 ಬಗೆ, ಏಸ್-ಕಿಂಗ್ 12, ಕಿಂಗ್-ಕ್ವೀನ್ 12. ನಮಗಿಂತ ಮುಂದಿರುವುದು ಕಿಂಗ್ ಸೆಟ್‌ನ 3 ಬಗೆ ಮಾತ್ರ, ಹಾಗಾಗಿ ಭಯದಿಂದ ನಿಧಾನಿಸುವ ಅಗತ್ಯ ಖಂಡಿತ ಇಲ್ಲ. ನನ್ನ ಚಿಂತೆ ಬೇರೆ. ರೇಸ್ ಮಾಡಿದರೆ ಕ್ವೀನ್-ಜ್ಯಾಕ್‌ನಂಥ ಬ್ಲಫ್ ಅಲ್ಲೇ ಫೋಲ್ಡ್ ಆಗುತ್ತದೆ. ಬರೀ ಕಾಲ್ ಮಾಡಿದರೆ ಟರ್ನ್‌ನಲ್ಲಿ ಅವರಿಂದ ಇನ್ನೊಂದು ಬೆಟ್ ಬರಬಹುದು. (ಫ್ಲಾಪ್‌ನಲ್ಲಿ ಎರಡು ಡೈಮಂಡ್ ಇದ್ದಿದ್ದರೆ ನೇರ ರೇಸ್. ಫ್ಲಶ್ ಡ್ರಾ (ಒಂದೇ ಸೂಟ್‌ನ ಐದು ಎಲೆಗೆ ಒಂದು ಕಡಿಮೆ) ಇರುವವರು ಈಗ ಹಣ ಹಾಕುತ್ತಾರೆ, ರಿವರ್‌ನಲ್ಲಿ ಕೂಡದಿದ್ದರೆ ಹಾಕುವುದಿಲ್ಲ.)

ಇಂಥ ಒಣ ಬೋರ್ಡ್‌ನಲ್ಲಿ (ಡ್ರಾಗೆ ಅವಕಾಶವಿಲ್ಲದ ಎಲೆಗಳು), ಪ್ರತಿ ಫ್ಲಾಪ್‌ಗೂ ಬೆಟ್ ಮಾಡುವ ಎದುರಾಳಿಯ ಮೇಲೆ ನೀವು ರೇಸ್ ಮಾಡುತ್ತೀರಾ, ಕಾಲ್ ಮಾಡುತ್ತೀರಾ? ಕಾಲ್ ಆದಮೇಲೆ ಟರ್ನ್‌ನಲ್ಲಿ ಅವರು ಚೆಕ್ ಮಾಡಿದರೆ (ಬೆಟ್ ಹಾಕದೆ ಸರದಿ ಬಿಟ್ಟರೆ) 175ರ ಪಾಟ್‌ಗೆ ಎಷ್ಟು ಹಾಕಬೇಕು? ಟರ್ನ್‌ನಲ್ಲಿ ಏಸ್ ಬಂದರೆ ಆ ಮೊತ್ತ ಬದಲಾಗಬೇಕೇ? ಅಂಕಿ ಸಮೇತ ತಿಳಿಸಿ ದಯವಿಟ್ಟು.