ರಾಜಕಾಲುವೆ ಪಕ್ಕ ಪಾರ್ಕ್: ನೆರೆನೀರೂ ತಗ್ಗಬೇಕು, ಕಾಲೊನಿಯವರಿಗೂ ದಕ್ಕಬೇಕು

ತಗ್ಗುಬೀದಿ (ಪ್ರಶ್ನೆ):
ಬೆಂಗಳೂರಿನ ಕೋರಮಂಗಲ ಕಣಿವೆಯಲ್ಲಿ ದ್ವಿತೀಯ ಹಂತದ (ದೊಡ್ಡ ಕಾಲುವೆಗೆ ಸೇರುವ ಮಧ್ಯಮ ಗಾತ್ರದ) ಒಂದು ರಾಜಕಾಲುವೆ. ದಂಡೆಯಲ್ಲಿ 200 ಮೀಟರ್ ಉದ್ದ, 14 ಮೀಟರ್ ಅಗಲದ ಜಾಗ ಖಾಲಿ ಇದೆ. ಸದ್ಯಕ್ಕೆ ಡೆಬ್ರಿ, ಅಂದರೆ ಕಟ್ಟಡದ ಕಸ, ಸುರಿಯೋ ತಾಣ. ಅದಕ್ಕೆ ಅಂಟಿಕೊಂಡೇ ಶೀಟಿನ ಮನೆಗಳ ಕಾಲೊನಿ, ಮಳೆ ಜೋರಾದರೆ ಮೊದಲು ನೀರು ನುಗ್ಗೋದು ಅಲ್ಲಿಗೇ. ಮೇಲಿನ ಲೇಔಟಿನವರು ವಾಕಿಂಗ್ ಟ್ರ್ಯಾಕು, ಕಾಂಪೌಂಡು, ಗೇಟು ಕೇಳ್ತಿದ್ದಾರೆ. ಸ್ವಲ್ಪ ಜಾಗ ತಗ್ಗು ಮಾಡಿ ಕಾಲುವೆ ನೀರನ್ನೇ ಒಳಗೆ ಬಿಟ್ಟುಕೊಂಡರೆ ನೆರೆ ಕಡಿಮೆ ಆಗುತ್ತಾ?

ಮೋರಿಲೆಕ್ಕ:
ಕಾಲುವೆ ನೀರು ಬಿಟ್ಟುಕೊಳ್ಳಬೇಡಿ. ಲೆಕ್ಕ ನೋಡಿ. 1,000 ಚದರ ಮೀಟರ್ ಜಾಗವನ್ನು 40 ಸೆಂ.ಮೀ. ತಗ್ಗಿಸಿದರೆ ಹಿಡಿಯೋದು 400 ಘನ ಮೀಟರ್. ಗಂಟೆಗೆ 60 ಮಿ.ಮೀ. ಮಳೆ ಬಿದ್ದರೆ, ಕಾಂಕ್ರೀಟೇ ತುಂಬಿದ 10 ಹೆಕ್ಟೇರಿನಿಂದ ಬಿದ್ದದ್ದರಲ್ಲಿ ಶೇ. 80ರಷ್ಟು ಹರಿದರೂ ಬರೋದು ಗಂಟೆಗೆ 4,800 ಘನ ಮೀಟರ್. ನಿಮ್ಮ ಹೊಂಡ ಐದೇ ನಿಮಿಷಕ್ಕೆ ಭರ್ತಿ! ದ್ವಿತೀಯ ಕಾಲುವೆಗೆ ಬರುವ ಜಲಾನಯನ 10 ಹೆಕ್ಟೇರಿಗಿಂತ ದೊಡ್ಡದೇ ಇರುತ್ತೆ.

ಅದೇ ಹೊಂಡಕ್ಕೆ ಕಾಲೊನಿಯ ಬೀದಿ ನೀರು ಮಾತ್ರ, ಅಂದರೆ ಒಂದು ಹೆಕ್ಟೇರಿನದ್ದು, ತಿರುಗಿಸಿದರೆ ಸುಮಾರು 50 ನಿಮಿಷ ತಡೆಯುತ್ತೆ. ಬೆಂಗಳೂರಿನ ಸಂಜೆ ಮಳೆಗೆ ಅದು ದೊಡ್ಡ ಅವಕಾಶ, ಅಷ್ಟರಲ್ಲಿ ಕಾಲುವೆ ಮಟ್ಟ ಇಳಿದರೆ ಹೊಂಡ ತಾನೇ ಖಾಲಿಯಾಗುತ್ತೆ. ಹೊರದಾರಿಯ ಪೈಪಿಗೆ ಫ್ಲ್ಯಾಪ್ ವಾಲ್ವ್ (ನೀರು ಹೊರಗೆ ಮಾತ್ರ ಬಿಡೋ ಮುಚ್ಚಳ) ಬೇಕೇ ಬೇಕು, ಇಲ್ಲದಿದ್ದರೆ ಕಾಲುವೆ ಹಿಂದಕ್ಕೆ ನುಗ್ಗುತ್ತೆ. ವಾಲ್ವಿನ ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೂ ಮುಚ್ಚೋದಿಲ್ಲ. ಮೊದಲೇ ಕಂಬಿ ಜಾಲರಿ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದರ ಕಸ ಬಿಡಿಸಿ.

ಇದಕ್ಕೆಲ್ಲ ಮುಂಚೆ ಕೊಳಚೆ. ಬೀದಿ ಮೋರಿಗೆ ಎಷ್ಟು ಮನೆಗಳ ಕಕ್ಕಸು ಪೈಪು ಸೇರಿದೆ ಅಂತ ಬೇಸಿಗೆಯಲ್ಲೇ ನೋಡಿ. ಮಳೆಯಿಲ್ಲದ ದಿನವೂ ಮೋರಿ ಹರೀತಿದ್ದರೆ ಅದು ಮಳೆನೀರಲ್ಲ. ಜಲಮಂಡಳಿಯ ಯುಜಿಡಿಗೆ (ಒಳಚರಂಡಿಗೆ) ಸಂಪರ್ಕ ಕೊಡಿಸದೆ ಹೊಂಡ ತೋಡಿದರೆ ಮಕ್ಕಳು ಆಡೋ ಜಾಗಕ್ಕೇ ಕೊಳಚೆ ತಂದ ಹಾಗೆ.

ಲಾವಂಚ:
ಹೊಂಡದ ತಳದ ಬಗ್ಗೆ. 30 ಸೆಂ.ಮೀ. ಆಳದ ಗುಂಡಿ ತೋಡಿ, ಎರಡು ಸಲ ನೀರು ತುಂಬಿಸಿ ಇಂಗಿಸಿ, ಮೂರನೇ ಸಲ ಗಂಟೆಗೆ ಎಷ್ಟು ಇಳಿಯುತ್ತೆ ಅಳೆಯಿರಿ. 12 ಮಿ.ಮೀ.ಗಿಂತ ಕಡಿಮೆಯಾದರೆ ಅಡಿಯಲ್ಲಿ ತೂತಿನ ಪೈಪು, 110 ಮಿ.ಮೀ., ಹಾಕಲೇಬೇಕು. ಅದರ ಸುತ್ತ 20 ಮಿ.ಮೀ. ಜಲ್ಲಿ 20 ಸೆಂ.ಮೀ. ದಪ್ಪ, ಮೇಲೆ ಚಿಕ್ಕ ಜಲ್ಲಿ 10 ಸೆಂ.ಮೀ., ಆಮೇಲೆ ಮಣ್ಣು 50 ಸೆಂ.ಮೀ.: ಮೂರು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ. ತೊಳೆಯದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತರಬೇಡಿ, ಅದರ ಧೂಳು ಕೆಳಗಿಳಿದು ಗಟ್ಟಿಯಾಗಿ ನೀರು ಇಂಗೋದನ್ನೇ ನಿಲ್ಲಿಸುತ್ತೆ. ಡೆಬ್ರಿ ಮೇಲೇ ಮಣ್ಣು ಹರಡೋದೂ ಬೇಡ.

ದಂಡೆಯ ಇಳಿಜಾರು 1 ಅಡಿ ಎತ್ತರಕ್ಕೆ 2 ಅಡಿ ಅಗಲ ಇರಲಿ. ಲಾವಂಚದ ಬುಡಗಳನ್ನು 15 ಸೆಂ.ಮೀ. ಅಂತರದಲ್ಲಿ ಅಡ್ಡಸಾಲಾಗಿ ನೆಡಿ, ಮುಂಗಾರಿನ ಮೊದಲ ವಾರಗಳಲ್ಲೇ. ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ. ಕಾಲುವೆಯ ತಡೆಗೋಡೆಯಿಂದ ಕನಿಷ್ಠ 3 ಮೀಟರ್ ದೂರ. ಜೊಂಡು ಚೆನ್ನಾಗಿ ಕಾಣುತ್ತೆ ಅಂತ ತರಬೇಡಿ, ಎರಡೇ ವರ್ಷಕ್ಕೆ ಹೊಂಡ ಪೂರ್ತಿ ಅದರದ್ದೇ. ಒಂದೆಲಗ, ಸೊಪ್ಪು ಕೂಡ ಇಲ್ಲಿ ಬೇಡ, ಈ ಮಣ್ಣಿನದ್ದನ್ನು ತಿನ್ನೋ ಹಾಗಿಲ್ಲ. ಇಂಗುಬಾವಿ ಬೇಕಿದ್ದರೆ ಮೇಲಿನ ಲೇಔಟಿನಲ್ಲಿ ತೋಡಿಸಿ. 3 ಅಡಿ ಅಗಲ, 20 ಅಡಿ ಆಳದ್ದು ಸುಮಾರು 4,000 ಲೀಟರ್ ಹಿಡಿಯುತ್ತೆ. ತೋಡೋದಕ್ಕೆ, ಬಾವಿ ತೋಡೋದೇ ಕುಲಕಸುಬಾದ ಮಣ್ಣು ವಡ್ಡರಿಗಿಂತ ಬಲ್ಲವರಿಲ್ಲ.

ಹಕ್ಕುಪತ್ರ:
ಬಫರ್, ಅಂದರೆ ಕಾಲುವೆ ಪಕ್ಕ ಕಟ್ಟಡ ಕಟ್ಟಬಾರದ ಪಟ್ಟಿ, ಅದರ ವಿಚಾರ ಹುಷಾರು. 35 ಮೀಟರ್ ಅಂತ ಯಾರಾದರೂ ಹೇಳಿದರೆ ಅದು 2016ರ ಹಸಿರು ನ್ಯಾಯಮಂಡಳಿಯ ಆದೇಶ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಹಳೆಯ ಮಾಸ್ಟರ್ ಪ್ಲಾನಿನ ಅಳತೆಗೇ ಮರಳಿಸಿತು: ಕಾಲುವೆ ಮಧ್ಯದಿಂದ ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಆ ಅಳತೆಯಲ್ಲಿ ನಿಮ್ಮದು 25. ಅರ್ಜಿ ಹಾಕೋ ದಿನ ಯಾವ ನಿಯಮ ಚಾಲ್ತಿಯಲ್ಲಿದೆ ಕೇಳಿಕೊಳ್ಳಿ. ಆದರೆ ಟೇಪು ಹಿಡಿದರೆ ಕಾಲೊನಿಯ ಮನೆಗಳೂ ಆ ಗೆರೆಯೊಳಗೇ ಬರುತ್ತವೆ! ಪಾರ್ಕ್ ಕೇಳಿದ ಅರ್ಜಿಯೇ ತೆರವಿನ ನೋಟಿಸಿಗೆ ದಾರಿ ಆಗಬಾರದು. ಸರ್ವೆಗೆ ಮುಂಚೆ ಪ್ರತಿ ಮನೆಯ ಪಟ್ಟಿ ಮಾಡಿ, ಬಾಡಿಗೆಯವರನ್ನೂ ಸೇರಿಸಿ. ಕಾಲೊನಿ ಸ್ಲಂ ಬೋರ್ಡಿನಲ್ಲಿ ಘೋಷಿತ ಕೊಳೆಗೇರಿಯೋ ಅಲ್ಲವೋ ನೋಡಿ, ಹಕ್ಕುಪತ್ರ ಇದ್ದವರ ನಕಲು ಇಟ್ಟುಕೊಳ್ಳಿ.

ಗೇಟು, ಸಮಯ ಬೇಡವೇ ಬೇಡ. ಬೆಳಗ್ಗೆ 10ಕ್ಕೆ ಬೀಗ ಬಿದ್ದರೆ ಸುಡುಬಿಸಿಲಲ್ಲಿ ಶೀಟಿನ ಮನೆಯವರಿಗೆ ನೆರಳು ಎಲ್ಲಿ? ನಲ್ಲಿ, ಶೌಚಾಲಯ, ಬಟ್ಟೆ ಒಣಗಿಸೋ ತಂತಿ, ಪೌರಕಾರ್ಮಿಕರು ಕೂತು ಊಟ ಮಾಡೋ ಜಾಗ ನಕ್ಷೆಯಲ್ಲಿ ಮೊದಲು ಬರಲಿ, ಟ್ರ್ಯಾಕು ಉಳಿದ ಜಾಗದಲ್ಲಿ. ಸಭೆ ಭಾನುವಾರ ಸಂಜೆ, ಕಾಲೊನಿಯಲ್ಲೇ ಕರೆಯಿರಿ.

ತಗ್ಗುಬೀದಿ:
ಕಾಂಪೌಂಡ್ ಬೇಡ ಸರಿ. ಆದರೆ ಮಕ್ಕಳು ಕಾಲುವೆಗೆ ಬಿದ್ದರೆ?

ಮೋರಿಲೆಕ್ಕ:
ಕಾಲುವೆ ಅಂಚಿಗೆ ಮಾತ್ರ 1.2 ಮೀಟರ್ ಎತ್ತರದ, ನೆಟ್ಟಗೆ ನಿಂತ ಕಂಬಿಗಳ ರೇಲಿಂಗ್, ಕಂಬಿ ನಡುವೆ 10 ಸೆಂ.ಮೀ.; ಅಡ್ಡಕಂಬಿ ಆದರೆ ಮಕ್ಕಳು ಹತ್ತುತ್ತಾರೆ. ಅದರ ಪಕ್ಕ 4 ಮೀಟರ್ ಗಟ್ಟಿ ದಾರಿ ಬಿಡಿ, ಟ್ರ್ಯಾಕೂ ಅದೇ ಆಗಲಿ. ಹೂಳೆತ್ತಲು ಹಿಟಾಚಿ ಬಂದೇ ಬರುತ್ತೆ, ದಾರಿ ಇಲ್ಲದಿದ್ದರೆ ನಿಮ್ಮ ಗಿಡಗಳ ಮೇಲೇ. ರೇಲಿಂಗನ್ನು ಎರಡು ಕಡೆ ಬೋಲ್ಟ್ ಬಿಚ್ಚಿ ತೆಗೆಯೋ ಹಾಗೆ ಮಾಡಿಸಿ, ಎತ್ತಿದ ಹೂಳು ಅದೇ ದಿನ ಲಾರಿ ಹತ್ತಲಿ ಅಂತ ಟೆಂಡರಿನಲ್ಲೇ ಬರೆಸಿ. ದಂಡೆ ಮೇಲೆ ಬಿಟ್ಟರೆ ಮೊದಲ ಮಳೆಗೇ ವಾಪಸ್ ಕಾಲುವೆಗೆ.