ಬುಧವಾರ ಅಕ್ಕನದು, ಭಾನುವಾರ ತಮ್ಮನದು

ಮೂರು ಮಕ್ಕಳಿಗೆ ಸಮಯ ಹೇಗೆ ಹಂಚುತ್ತೀರಿ ಎಂದು ನಿನ್ನೆ ನಮ್ಮ ಈ ಕನ್ನಡ ಪೋಷಕರ ಗುಂಪಿನಲ್ಲಿ ಕೇಳಿದಿರಲ್ಲ, ಎರಡನೆಯ ಹೆರಿಗೆಯ ಹೊಸ್ತಿಲಲ್ಲಿರುವ ನಿಮಗೆ ಮೊದಲು ನನ್ನ ಪೆದ್ದುತನವನ್ನೇ ಹೇಳುತ್ತೇನೆ. ನಾವಿರುವುದು ಮ್ಯೂನಿಕ್‌ನಲ್ಲಿ. ಮಗಳು ನಾಲ್ಕನೆಯ ತರಗತಿ, ನಡುವಿನವನಿಗೆ ಆರು, ಕಿರಿಯವನಿಗೆ ಎರಡೂವರೆ. ಒಮ್ಮೆ ಫ್ರಿಜ್ಜಿನ ಬಾಗಿಲಿಗೆ ಮೂರು ಬಣ್ಣದ ವೇಳಾಪಟ್ಟಿ ಅಂಟಿಸಿದ್ದೆ. ಸಂಜೆ ಒಬ್ಬರಾದ ಮೇಲೆ ಒಬ್ಬರಿಗೆ ತಲಾ 20 ನಿಮಿಷ. ಎರಡನೆಯ ವಾರಕ್ಕೆ ನಡುವಿನವನು ಅಡುಗೆಮನೆಯ ಟೈಮರ್ ಹಿಡಿದು ಕೋಣೆಯ ಬಾಗಿಲಲ್ಲಿ ನಿಲ್ಲತೊಡಗಿದ. ‘ಅಕ್ಕನದು ಮುಗಿಯಿತು, ಇನ್ನು ನನ್ನದು!’ ನನ್ನ ಪಾಡು ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಅಳೆಯುವವಳ ಹಾಗಾಯಿತು. ಪಟ್ಟಿಯನ್ನು ಕಿತ್ತು ಬಿಸಾಡಿದೆ.

‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ’ ಎನ್ನುವವರು ಈ ಗುಂಪಿನಲ್ಲೂ ಇದ್ದಾರೆ, ಗೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಬೇಸಿಗೆ ರಜೆಗೆ ಒಂಬತ್ತು ಮಕ್ಕಳು ಸೇರುತ್ತಿದ್ದೆವು. ಅಜ್ಜಿ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುವಾಗ ಯಾರೂ ಲೆಕ್ಕ ಇಡುತ್ತಿರಲಿಲ್ಲ, ನಿಜ. ಆದರೆ ಆ ಮನೆಯಲ್ಲಿ ಹೆಚ್ಚುಕಡಿಮೆ ಮಕ್ಕಳಷ್ಟೇ ದೊಡ್ಡವರೂ ಇದ್ದರು. ನಾನು ಚಿಕ್ಕಮ್ಮನ ಬಾಲ, ಅಣ್ಣ ಅಜ್ಜನ ಹಿಂದೆ ತೋಟಕ್ಕೆ. ಯಾವ ಮಗು ಮುನಿಸಿಕೊಂಡರೂ ಹೋಗಿ ಸೆರಗು ಹಿಡಿಯಲು ಒಬ್ಬರು ಸಿಗುತ್ತಿದ್ದರು. ಇಲ್ಲಿ ಮೂವರಿಗೂ ನಾವಿಬ್ಬರೇ, ಅದರಲ್ಲೂ ಒಬ್ಬರು ಸದಾ ಮೀಟಿಂಗಿನಲ್ಲಿ.

ನಾನು ಮೊದಲು ಮರೆತದ್ದು ಹಿರಿಯವಳನ್ನು. ಅವಳು ಏನನ್ನೂ ಕೇಳುವುದಿಲ್ಲ, ಹಾಗಾಗಿ ಏನೂ ಬೇಡವೇನೋ ಎಂದುಕೊಂಡಿದ್ದೆ. ನಮ್ಮ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೆಯ ತರಗತಿ ಎಂದರೆ ಏನೆಂದು ಬೇರೆ ಊರುಗಳಲ್ಲಿರುವವರಿಗೆ ಹೇಳಬೇಕು. ಮೇ ತಿಂಗಳಲ್ಲಿ ಕೊಡುವ ಅಂಕಪಟ್ಟಿಯಲ್ಲಿ ಜರ್ಮನ್, ಗಣಿತ ಮತ್ತು ಪರಿಸರ ಪಾಠದ ಸರಾಸರಿ 2.33ರ ಒಳಗಿದ್ದರೆ ಗಿಮ್ನಾಜಿಯಂಗೆ, ಅಂದರೆ ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಪ್ರೌಢಶಾಲೆಗೆ ನೇರ ಪ್ರವೇಶ, 2.66ರ ಒಳಗಿದ್ದರೆ ಹತ್ತನೆಯ ತರಗತಿಯವರೆಗಿನ ರಿಯಾಲ್‌ಶೂಲೆಗೆ. ಇಲ್ಲಿ 1 ಎಂದರೆ ಅತ್ಯುತ್ತಮ, ಅಂಕ ಏರಿದಷ್ಟೂ ಮಗು ಹಿಂದೆ. ಆಮೇಲೆ ದಾರಿ ಬದಲಿಸಲು ಅವಕಾಶಗಳಿವೆ, ಆದರೆ ಹತ್ತು ವರ್ಷದ ಮಗುವಿಗೆ ಅದು ಗೊತ್ತಿರುವುದಿಲ್ಲ.

ನಮ್ಮ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರಗಳೆಲ್ಲ ನೆಲಮಾಳಿಗೆಯಲ್ಲಿವೆ. ಬುಧವಾರ ಸಂಜೆ ನಮ್ಮ ಸರದಿ. ಮೊಬೈಲ್ ಸಿಗ್ನಲ್ ಅಲ್ಲಿಗೆ ಇಳಿಯುವುದಿಲ್ಲ. ಒಂದು ದಿನ ಬುಟ್ಟಿ ಭಾರವಾಯಿತೆಂದು ಮಗಳನ್ನು ಕರೆದೆ. ಒದ್ದೆ ಬೆಡ್‌ಶೀಟಿನ ಎರಡು ತುದಿ ಅವಳು, ಎರಡು ತುದಿ ನಾನು ಹಿಡಿದು ಝಾಡಿಸುತ್ತಿದ್ದೆವು. ಬಟ್ಟೆ ಮೇಲೆದ್ದಾಗಲೆಲ್ಲ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅದರ ಹಿಂದಿನಿಂದ ಕೇಳಿದಳು: ‘ಅಮ್ಮಾ, ನನಗೆ 2.66 ಬಂದರೆ ಅಜ್ಜಿಗೆ ಏನೆಂದು ಹೇಳುತ್ತೀಯ?’

ಎರಡು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳಂತೆ. ಊಟದ ಮೇಜಿನಲ್ಲಿ ತಮ್ಮಂದಿರ ಗಲಾಟೆಯ ನಡುವೆ ಈ ಮಾತು ಏಳುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದ್ದರಂತೂ ಬಾಯಿಗೆ ಬೀಗ ಬೀಳುತ್ತಿತ್ತು. ಬೆಡ್‌ಶೀಟ್ ಮಡಚಿ ಮುಗಿಯುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ, ‘ಅಜ್ಜಿಯ ಲೆಕ್ಕದಲ್ಲಿ ನೂರಕ್ಕೆ 35 ಬಂದರೆ ಪಾಸು ಕಣೇ, ಈ ಎರಡು ಪಾಯಿಂಟು ಎಷ್ಟೋ ಅವರಿಗೆ ಅರ್ಥವೇ ಆಗುವುದಿಲ್ಲ’ ಎಂದೆ. ನಕ್ಕಳು. ಅಂದಿನಿಂದ ಬುಟ್ಟಿ ಹಗುರವಿದ್ದರೂ ಜೊತೆಗೆ ಬರುತ್ತಾಳೆ.

ನಡುವಿನವನದು ಬೇರೆ ಕತೆ. ಕಳೆದ ಚಳಿಗಾಲದಲ್ಲಿ ಅವನಿಗೆ ಸೋಮವಾರ ಬಂತೆಂದರೆ ಹೊಟ್ಟೆನೋವು. ಸಾರ್ವಜನಿಕ ಆರೋಗ್ಯ ವಿಮೆ ಇದ್ದವರಿಗೆ, ಡಾಕ್ಟರ ಚೀಟಿ ಇದ್ದರೆ, 12 ವರ್ಷದೊಳಗಿನ ಮಗುವನ್ನು ನೋಡಿಕೊಳ್ಳಲು 2025ರಲ್ಲಿ ತಾಯಿಗೂ ತಂದೆಗೂ ತಲಾ 15 ಕೆಲಸದ ದಿನಗಳ ರಜೆಯ ಸೌಲಭ್ಯವಿತ್ತು. ನನ್ನ ದಿನಗಳು ಕರಗುತ್ತಿದ್ದವು. ಒಂದು ಸೋಮವಾರ ಹತ್ತು ಗಂಟೆಗೆ ನೋವೆಲ್ಲ ಮಾಯವಾಗಿ, ತೊಡೆಯ ಮೇಲೆ ಬಂದು ಕೂತು, ‘ಇವತ್ತು ಮನೆಯಲ್ಲಿ ತಮ್ಮ ಇಲ್ಲ, ಅಲ್ಲವಾ?’ ಎಂದು ಖಚಿತಪಡಿಸಿಕೊಂಡ. ಡಾಕ್ಟರಿಗೆ ತೋರಿಸುವ ಮೊದಲೇ ನನಗೆ ತಿಳಿಯಬೇಕಿತ್ತು.

ಈಗ ಭಾನುವಾರ ಬೆಳಿಗ್ಗೆ ನಮ್ಮವರು ಅವನೊಬ್ಬನನ್ನೇ ಬೇಕರಿಗೆ ಕರೆದೊಯ್ಯುತ್ತಾರೆ. ಆ ದಿನ ಇಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದರೂ ಬೇಕರಿ ಕೆಲವು ಗಂಟೆ ತೆರೆದಿರುತ್ತದೆ. ಬ್ರೆಟ್ಸೆಲ್ ಕೊಳ್ಳುವುದು ಜರ್ಮನ್‌ನಲ್ಲಿ, ಬರುವ ದಾರಿಯಲ್ಲಿ ಚಿಲ್ಲರೆ ಎಣಿಸುವುದು ಕನ್ನಡದಲ್ಲಿ. ಜರ್ಮನ್ನರು ಇಪ್ಪತ್ತಮೂರನ್ನು ‘ಮೂರು ಮತ್ತು ಇಪ್ಪತ್ತು’ ಎನ್ನುತ್ತಾರೆ. ಇವನು ಅದನ್ನೇ ಕನ್ನಡಕ್ಕೆ ತಂದು ‘ಮೂರಿಪ್ಪತ್ತು’ ಎಂದ. ‘ಹಾಗಾದರೆ ಅರವತ್ತಾಯಿತಲ್ಲೋ, ನಮಗೆ ಲಾಭ’ ಎಂದು ಅಪ್ಪ ಕಾಲೆಳೆದರು. ಈಗ ಬೇಕೆಂದೇ ಹಾಗೆ ಹೇಳುತ್ತಾನೆ.

ಇದರಿಂದ ಗಮನಕ್ಕೆ ಬಂದ ಒಂದು ಸಂಗತಿ: ಮೂವರೂ ಒಟ್ಟಿಗಿದ್ದಾಗ ಮನೆಯೆಲ್ಲ ಜರ್ಮನ್. ನಾನು ಕನ್ನಡದಲ್ಲಿ ಗದರಿದರೂ ಉತ್ತರ ಬರುವುದು ಜರ್ಮನ್‌ನಲ್ಲೇ. ಒಬ್ಬೊಬ್ಬರೇ ಸಿಕ್ಕಾಗ ಮಾತ್ರ ಕನ್ನಡ ತಾನಾಗಿ ಹೊರಬರುತ್ತದೆ. ಕನ್ನಡ ಶಾಲೆಗೆ ಕಳಿಸಿದರೂ ಮಕ್ಕಳು ಮನೆಯಲ್ಲಿ ಮಾತಾಡುವುದಿಲ್ಲ ಎಂದು ಕೊರಗುವವರು ಇದನ್ನೂ ಒಮ್ಮೆ ಮಾಡಿ ನೋಡಬಹುದು.

ಕಿರಿಯವನ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಆ ವಯಸ್ಸಿನವರು ತಮ್ಮ ಪಾಲನ್ನು ಕಸಿದುಕೊಳ್ಳಬಲ್ಲರು. ಶನಿವಾರ ಅವನು ಅಜ್ಜಿಯ ವಶ. ಚಳಿಗಾಲದಲ್ಲಿ ನಮ್ಮ ಬೆಳಗಿನ ಎಂಟು ಗಂಟೆ ಎಂದರೆ ಊರಿನಲ್ಲಿ ಹನ್ನೆರಡೂವರೆ, ನಮ್ಮತ್ತೆಯ ಅಡುಗೆ ಮುಗಿದಿರುತ್ತದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟರೆ ಬೆಕ್ಕಿನ ಕತೆ ಹೇಳುತ್ತಾ ಅರ್ಧ ಗಂಟೆ ಹಿಡಿದಿಡುತ್ತಾರೆ.

ನಿಮಗೆ ಒಂದೇ ಮಾತು. ಬಾಣಂತನದಲ್ಲಿ ನೋಡಲು ಬಂದವರೆಲ್ಲ ‘ದೊಡ್ಡದನ್ನು ನಾವು ಆಡಿಸಿಕೊಂಡು ಬರುತ್ತೇವೆ’ ಎನ್ನುತ್ತಾರೆ. ಬೇಡ ಎನ್ನಿ. ಹಸುಗೂಸನ್ನು ಅವರ ಕೈಗಿತ್ತು, ದೊಡ್ಡ ಮಗುವಿನ ಜೊತೆ ನೀವೇ ಬೀದಿಯ ತುದಿಯವರೆಗೆ ಹೋಗಿ ಬನ್ನಿ.

ಎಲ್ಲವೂ ಸುಸೂತ್ರವಾಗಿದೆ ಎಂದುಕೊಳ್ಳಬೇಡಿ. ಮೊನ್ನೆ ಬುಧವಾರ ನಡುವಿನವನು ತನ್ನ ಕಾಲುಚೀಲಗಳನ್ನು ತಾನೇ ತಂದು ಬುಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಮಗಳು ಏನೂ ಹೇಳದೆ ನನ್ನ ಮುಖ ನೋಡಿದಳು. ‘ನಿನ್ನದು ಭಾನುವಾರ ಕಣೋ’ ಎಂದು ಅವನನ್ನು ಒಳಗೆ ಕಳಿಸಿ, ಬುಟ್ಟಿಯ ಇನ್ನೊಂದು ಹಿಡಿಯನ್ನು ಅವಳಿಗೆ ಕೊಟ್ಟೆ. ಮೂರು ಮಹಡಿ ಇಳಿಯುವವರೆಗೂ ಅವನ ರಂಪ ಕೇಳಿಸುತ್ತಲೇ ಇತ್ತು.